ಲೂಪಸ್ ಮತ್ತು ಕರುಳು: ಒಂದೇ ನೋವಿನ ಹಿಂದಿನ ಹಲವು ಕಾರಣಗಳು

ಲೂಪಸ್ ಕಾಯಿಲೆಯ ಬಗ್ಗೆ ಬರೆಯುವವರು ಮೊದಲು ಹೇಳುವುದು ಮೂಗಿನ ಎರಡೂ ಬದಿಯ ಕೆನ್ನೆಗಳ ಮೇಲೆ ಹರಡುವ ಕೆಂಪು ಕಲೆ, ಬಿಸಿಲು ತಾಗಿದರೆ ಹೆಚ್ಚುವ ಚರ್ಮದ ಉರಿ, ಬೆಳಿಗ್ಗೆ ಏಳುವಾಗ ಬಿಗಿದುಕೊಂಡಿರುವ ಕೀಲುಗಳು, ಉದುರುವ ಕೂದಲು, ಸದ್ದಿಲ್ಲದೆ ಕೆಡುವ ಮೂತ್ರಪಿಂಡ ಇವುಗಳನ್ನೇ. ಕರುಳಿನ ಮಾತು ಬರುವುದು ತೀರ ಕೊನೆಗೆ, ಅದೂ ಒಂದೆರಡು ಸಾಲುಗಳಲ್ಲಿ. ರೋಗಿಗಳೂ ಅವರ ಮನೆಯವರೂ ಹೊಟ್ಟೆನೋವನ್ನು ಲೂಪಸ್‌ನೊಂದಿಗೆ ಜೋಡಿಸಿ ನೋಡುವುದು ಅಪರೂಪ; ಗ್ಯಾಸ್, ಅಜೀರ್ಣ, ಮುಟ್ಟಿನ ನೋವು, ಮಾತ್ರೆಗಳ ಉಷ್ಣ ಎಂದು ಹೇಳಿ ಜೀರಿಗೆ ಕಷಾಯವನ್ನೋ ಔಷಧಿ ಅಂಗಡಿಯ ಮಾತ್ರೆಯನ್ನೋ ಕೊಟ್ಟು ಒಂದೆರಡು ದಿನ ಕಾಯುವುದೇ ರೂಢಿ. ಆದರೆ ಈ ಕಾಯಿಲೆ ಇರುವವರಲ್ಲಿ ಕರುಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಉರಿಯೂತದಿಂದ ಊದಿಕೊಳ್ಳಬಹುದು, ದೊಡ್ಡ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕರುಳಿನ ಸ್ನಾಯುಗಳು ಚಲನೆಯನ್ನೇ ನಿಲ್ಲಿಸಬಹುದು, ರಕ್ತದಲ್ಲಿರಬೇಕಾದ ಪ್ರೋಟೀನು ಕರುಳಿನೊಳಕ್ಕೆ ಸೋರಿಹೋಗಬಹುದು. ಇವುಗಳಲ್ಲಿ ಕೆಲವು ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಗಂಟೆಗಳಲ್ಲಿ, ಪ್ರಾಣಕ್ಕೆ ಎರವಾಗಬಲ್ಲವು. ಹೊರಗೆ ಒಂದೇ ಬಗೆಯ ಹೊಟ್ಟೆನೋವಾಗಿ ಕಾಣಿಸಿಕೊಳ್ಳುವ ಈ ತೊಂದರೆಗಳ ಚಿಕಿತ್ಸೆಗಳು ಒಂದಕ್ಕೊಂದು ವಿರುದ್ಧವಾಗಿರುವುದರಿಂದ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ: ಒಂದನ್ನು ಗುಣಪಡಿಸುವ ಸ್ಟೀರಾಯ್ಡ್ ಇನ್ನೊಂದನ್ನು ಉಲ್ಬಣಗೊಳಿಸುತ್ತದೆ, ಒಬ್ಬ ರೋಗಿಯನ್ನು ಉಳಿಸುವ ಶಸ್ತ್ರಚಿಕಿತ್ಸೆ ಮತ್ತೊಬ್ಬರಿಗೆ ಅನವಶ್ಯಕವಷ್ಟೇ ಆಗಿರದೆ ಹಾನಿಕಾರಕವೂ ಆಗುತ್ತದೆ. ಆದ್ದರಿಂದ ಲೂಪಸ್ ರೋಗಿಯ ಹೊಟ್ಟೆನೋವಿನಲ್ಲಿ ನಿಜವಾದ ಕೆಲಸವೆಂದರೆ ಕಾರಣವನ್ನು ಬೇಗ ಮತ್ತು ಸರಿಯಾಗಿ ಗುರುತಿಸುವುದು.

ಸಿಸ್ಟಮಿಕ್ ಲೂಪಸ್ ಎರಿಥೆಮಟೋಸಸ್ ಎಂಬುದು ಈ ಕಾಯಿಲೆಯ ಪೂರ್ಣ ಹೆಸರು. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರೋಗನಿರೋಧಕ ವ್ಯವಸ್ಥೆ ಇಲ್ಲಿ ಸ್ವಂತ ಜೀವಕೋಶಗಳ ಕೇಂದ್ರದಲ್ಲಿರುವ ಡಿಎನ್‌ಎ ಮೊದಲಾದ ವಸ್ತುಗಳನ್ನೇ ಪರಕೀಯವೆಂದು ಬಗೆದು ಅವುಗಳ ವಿರುದ್ಧ ಪ್ರತಿಕಾಯಗಳನ್ನು, ಅಂದರೆ ಗುರಿಯನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನುಗಳನ್ನು, ತಯಾರಿಸುತ್ತದೆ. ಪ್ರತಿಕಾಯವೂ ಅದು ಅಂಟಿಕೊಂಡ ವಸ್ತುವೂ ಸೇರಿ ಆಗುವ ಸೂಕ್ಷ್ಮ ಗುಂಪುಗಳು ರಕ್ತದಲ್ಲಿ ಹರಿದು ಹೋಗಿ ಸಣ್ಣ ರಕ್ತನಾಳಗಳ ಗೋಡೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳು ಕೆರಳಿ ಉರಿಯೂತ ಹುಟ್ಟುತ್ತದೆ. ರಕ್ತನಾಳವಿಲ್ಲದ ಅಂಗ ದೇಹದಲ್ಲಿ ಬಹುಮಟ್ಟಿಗೆ ಇಲ್ಲದಿರುವುದರಿಂದ ಲೂಪಸ್ ತಲುಪದ ಜಾಗವೂ ಇಲ್ಲವೆನ್ನಬಹುದು. ಈ ಕಾಯಿಲೆಗೆ ತುತ್ತಾಗುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಮಹಿಳೆಯರು, ಅವರಲ್ಲೂ ಹೆಚ್ಚಿನವರು ಹದಿನೈದರಿಂದ ನಲವತ್ತೈದರ ನಡುವಿನ ವಯಸ್ಸಿನವರು. ಭಾರತದಲ್ಲಿ ವಾತರೋಗ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದ ಡಾ. ಆನಂದ ಮಾಳವೀಯ ಮತ್ತು ಅವರ ಸಂಗಡಿಗರು ದೆಹಲಿಯ ಸಮೀಪದ ಗ್ರಾಮೀಣ ಜನರಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು ಮೂರು ಜನರಲ್ಲಿ ಲೂಪಸ್ ಕಂಡುಬಂದಿತ್ತು. ಪಾಶ್ಚಾತ್ಯ ದೇಶಗಳ ಅಂಕಿಗಳಿಗೆ ಹೋಲಿಸಿದರೆ ಇದು ತೀರ ಕಡಿಮೆ, ಮತ್ತು ಆ ಕಾಲದ ಪರೀಕ್ಷಾ ಸೌಲಭ್ಯಗಳ ಮಿತಿಯನ್ನು ನೆನೆದರೆ ಪತ್ತೆಯಾಗದೆ ಉಳಿದವರು ಇದ್ದಿರಬಹುದೆಂದು ಊಹಿಸುವುದು ತಪ್ಪಾಗಲಾರದು.

ಲೂಪಸ್‌ಗೂ ಹೊಟ್ಟೆಗೂ ಇರುವ ನಂಟು ವೈದ್ಯಲೋಕಕ್ಕೆ ಹೊಸದಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿದ್ದ ಕೆನಡಾ ಮೂಲದ ವೈದ್ಯ ವಿಲಿಯಂ ಆಸ್ಲರ್ 1895ರಿಂದ 1904ರವರೆಗೆ ಬರೆದ ಲೇಖನಗಳಲ್ಲಿ ಚರ್ಮದ ಕೆಂಪು ಕಲೆಗಳಿದ್ದ ರೋಗಿಗಳಿಗೆ ಆಗಾಗ ಬರುತ್ತಿದ್ದ ತೀವ್ರ ಹೊಟ್ಟೆನೋವು, ವಾಂತಿ ಮತ್ತು ಭೇದಿಯನ್ನು ವಿವರಿಸಿ, ಚರ್ಮದ ಮೇಲೆ ಏನೂ ಕಾಣದಿರುವಾಗಲೂ ಇಂಥ ನೋವು ಮರುಕಳಿಸಬಹುದೆಂದು ಎಚ್ಚರಿಸಿದ್ದರು. ಅವರ ರೋಗಿಗಳಲ್ಲಿ ಎಲ್ಲರಿಗೂ ಲೂಪಸ್ ಇರಲಿಲ್ಲ, ಕೆಲವರಿಗೆ ಬೇರೆ ಬಗೆಯ ರಕ್ತನಾಳ ಉರಿಯೂತ ಇದ್ದಿತೆಂದು ಇಂದಿನ ವೈದ್ಯರು ಭಾವಿಸುತ್ತಾರೆ. ಆದರೂ ಚರ್ಮದ ಕಾಯಿಲೆಯೆಂದು ತಿಳಿದಿದ್ದ ಒಂದು ರೋಗ ಒಡಲಿನ ಅಂಗಗಳನ್ನೂ ಹಿಡಿಯುತ್ತದೆಂಬ ಅವರ ಒಳನೋಟ ಇವತ್ತಿಗೂ ನಿಜವಾಗಿ ನಿಂತಿದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಮಾಲ್ಕಮ್ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ ರೋಗಿಗಳಲ್ಲಿ ಕಾಣುವ ವಿಶಿಷ್ಟ ಕೋಶವನ್ನು ಗುರುತಿಸಿದರು. ಅದೇ ವರ್ಷ ಅದೇ ಸಂಸ್ಥೆಯಲ್ಲಿ ಫಿಲಿಪ್ ಹೆಂಚ್ ಕೀಲುವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧವನ್ನು ಮೊದಲ ಬಾರಿಗೆ ಕೊಟ್ಟು ನೋಡಿದರು. ರೋಗವನ್ನು ಗುರುತಿಸುವ ದಾರಿ ಮತ್ತು ಹತೋಟಿಗೆ ತರುವ ದಾರಿ ಹೀಗೆ ಒಟ್ಟಿಗೇ ತೆರೆದುಕೊಂಡವು.

ಇಷ್ಟಾದರೂ ಕರುಳಿಗೆ ಸಲ್ಲಬೇಕಾದ ಗಮನ ಸಂದಿಲ್ಲವೆಂಬುದಕ್ಕೆ ಒಂದು ಸ್ಪಷ್ಟ ಸಾಕ್ಷಿಯಿದೆ. ಯುರೋಪ್ ಮತ್ತು ಅಮೆರಿಕದ ವಾತರೋಗ ತಜ್ಞರ ಸಂಘಟನೆಗಳು ಸೇರಿ 2019ರಲ್ಲಿ ಪ್ರಕಟಿಸಿದ ಲೂಪಸ್ ವರ್ಗೀಕರಣದ ಮಾನದಂಡಗಳಲ್ಲಿ ಜ್ವರ, ರಕ್ತಕಣಗಳ ಇಳಿಕೆ, ಮೆದುಳಿನ ತೊಂದರೆ, ಚರ್ಮ, ಕೀಲು, ಮೂತ್ರಪಿಂಡ, ಶ್ವಾಸಕೋಶ ಮತ್ತು ಹೃದಯದ ಹೊರಪೊರೆಗಳು ಎಲ್ಲಕ್ಕೂ ಅಂಕಗಳಿವೆ, ಕರುಳಿನ ಉರಿಯೂತಕ್ಕೆ ಮಾತ್ರ ಇಲ್ಲ. ರೋಗ ಎಷ್ಟು ಕೆರಳಿದೆ ಎಂದು ಅಳೆಯಲು ಜಗತ್ತಿನಾದ್ಯಂತ ಬಳಸುವ ಸ್ಲೆಡೈ ಎಂಬ ಅಳತೆಪಟ್ಟಿಯಲ್ಲೂ ಕರುಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಬ್ರಿಟನ್ನಿನ ತಜ್ಞರು ರೂಪಿಸಿದ ಬಿಲಾಗ್ ಎಂಬ ಇನ್ನೊಂದು ಅಳತೆಪಟ್ಟಿ 2004ರ ಪರಿಷ್ಕರಣೆಯಲ್ಲಿ ಜೀರ್ಣಾಂಗಗಳಿಗೆ ತನ್ನದೇ ಆದ ವಿಭಾಗವನ್ನು ಕೊಟ್ಟಿತು. ಮಾನದಂಡಗಳ ಪಟ್ಟಿಯಲ್ಲಿ ಇಲ್ಲದ್ದು ವೈದ್ಯ ವಿದ್ಯಾರ್ಥಿಯ ನೆನಪಿನಲ್ಲೂ ಉಳಿಯುವುದಿಲ್ಲ. ಲೂಪಸ್‌ನ ಮೊದಲ ಲಕ್ಷಣವೇ ಹೊಟ್ಟೆನೋವಾಗಿರುವ ರೋಗಿ ಈ ಕಾರಣದಿಂದಾಗಿಯೇ ತಿಂಗಳುಗಟ್ಟಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ.

ಕರುಳಿನ ತೊಂದರೆಗಳಲ್ಲಿ ಮುಖ್ಯವಾದದ್ದು ಲೂಪಸ್ ಎಂಟರೈಟಿಸ್, ಅಂದರೆ ಲೂಪಸ್‌ನಿಂದಾಗುವ ಕರುಳಿನ ಉರಿಯೂತ. ಹೊಟ್ಟೆಯ ಹಿಂಬದಿಯಲ್ಲಿ ಹಾದುಹೋಗುವ ಮಹಾಪಧಮನಿಯಿಂದ ಕವಲೊಡೆಯುವ ಸುಪೀರಿಯರ್ ಮೆಸೆಂಟರಿಕ್ ಎಂಬ ಅಪಧಮನಿ ಸಣ್ಣಕರುಳಿನ ಬಹುಭಾಗಕ್ಕೂ ದೊಡ್ಡಕರುಳಿನ ಮೊದಲರ್ಧಕ್ಕೂ ರಕ್ತ ಒದಗಿಸುತ್ತದೆ. ಕರುಳನ್ನು ಬೆನ್ನಿನ ಗೋಡೆಗೆ ಹಿಡಿದಿಟ್ಟಿರುವ ಮೆಸೆಂಟರಿ ಎಂಬ ಪದರದೊಳಗೆ ಅದು ನೂರಾರು ಕವಲುಗಳಾಗಿ ಹರಡುತ್ತದೆ. ಲೂಪಸ್‌ನ ಉರಿಯೂತ ಹೆಚ್ಚಾಗಿ ಹಿಡಿಯುವುದು ಈ ವ್ಯಾಪ್ತಿಯ ತೀರ ಸಣ್ಣ ನಾಳಗಳನ್ನು, ಆದ್ದರಿಂದಲೇ ಸಣ್ಣಕರುಳಿನ ನಡುಭಾಗ ಮತ್ತು ಕೊನೆಯ ಭಾಗಗಳಲ್ಲಿ ತೊಂದರೆ ಹೆಚ್ಚು, ಗುದನಾಳದಲ್ಲಿ ಅಪರೂಪ. ನಾಳದ ಗೋಡೆ ಕೆರಳಿದಾಗ ರಕ್ತದ ನೀರಿನಂಶ ಹೊರಗೆ ಜಿನುಗಿ ಕರುಳಿನ ಗೋಡೆ ಬಾತುಕೊಳ್ಳುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಉರಿಯೂತ ಮುಂದುವರಿದು ನಾಳ ಮುಚ್ಚಿಕೊಂಡರೆ ಆ ಭಾಗದ ಕರುಳಿಗೆ ರಕ್ತ ಸಾಲದೆ ಒಳಪದರ ಹುಣ್ಣಾಗುತ್ತದೆ, ರಕ್ತ ಸ್ರವಿಸುತ್ತದೆ, ಕಡೆಗೆ ಗೋಡೆ ಸತ್ತು ತೂತು ಬೀಳುತ್ತದೆ.

ಲೂಪಸ್ ರೋಗಿಗಳಲ್ಲಿ ಎಷ್ಟು ಜನರಿಗೆ ಈ ಉರಿಯೂತ ಬರುತ್ತದೆಂಬ ಲೆಕ್ಕ ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತದೆ. ನೂರರಲ್ಲಿ ಒಬ್ಬರಿಗಿಂತ ಕಡಿಮೆ ಎಂಬಲ್ಲಿಂದ ಹತ್ತರ ಸಮೀಪದವರೆಗೆ ಅಂಕಿಗಳಿವೆ. ಒಟ್ಟು ರೋಗಿಗಳ ಲೆಕ್ಕದಲ್ಲಿ ಇದು ವಿರಳ. ಆದರೆ ತೀವ್ರ ಹೊಟ್ಟೆನೋವಿನಿಂದ ಆಸ್ಪತ್ರೆ ಸೇರಿದ ಲೂಪಸ್ ರೋಗಿಗಳನ್ನಷ್ಟೇ ತೆಗೆದುಕೊಂಡರೆ ಮೂರರಲ್ಲಿ ಒಬ್ಬರಿಗಾದರೂ ನೋವಿನ ಮೂಲ ಇದೇ ಆಗಿರುತ್ತದೆಂದು ಹಲವು ವರದಿಗಳು ತೋರಿಸಿವೆ. ಫ್ರಾನ್ಸಿನ ವೈದ್ಯರು ಅಲ್ಲಿಯವರೆಗೆ ವರದಿಯಾಗಿದ್ದ 150 ರೋಗಿಗಳ ವಿವರಗಳನ್ನು ಒಟ್ಟುಮಾಡಿ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಹೊಟ್ಟೆನೋವು ಬಹುತೇಕ ಎಲ್ಲರಲ್ಲೂ, ಹೊಟ್ಟೆಯಲ್ಲಿ ನೀರು ತುಂಬುವುದು ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಜನರಲ್ಲಿ, ವಾಕರಿಕೆ ಅರ್ಧದಷ್ಟು ಜನರಲ್ಲಿ, ಭೇದಿ ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಕಂಡುಬಂದಿತ್ತು. ಜ್ವರ ಮಾತ್ರ ಐವರಲ್ಲಿ ಒಬ್ಬರಿಗೆ. ಜ್ವರವಿಲ್ಲವೆಂಬ ಸಮಾಧಾನ, ಹೀಗಾಗಿ, ಈ ಕಾಯಿಲೆಯಲ್ಲಿ ಬೆಲೆಯುಳ್ಳದ್ದಲ್ಲ.

ನೋವಿನ ಲಕ್ಷಣದಿಂದಷ್ಟೇ ಈ ಉರಿಯೂತವನ್ನು ಗುರುತಿಸಲಾಗದು, ರಕ್ತಪರೀಕ್ಷೆಯೂ ಪೂರ್ತಿ ನೆರವಾಗದು. ರಕ್ತದಲ್ಲಿ ಸಿ3 ಮತ್ತು ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನುಗಳು ಹೆಚ್ಚಿನವರಲ್ಲಿ ಇಳಿದಿರುತ್ತವೆ, ಏಕೆಂದರೆ ಉರಿಯೂತದಲ್ಲಿ ಅವು ಬಳಕೆಯಾಗಿ ಹೋಗಿರುತ್ತವೆ, ಬಿಳಿರಕ್ತಕಣಗಳು ಕಡಿಮೆಯಾಗಿರುತ್ತವೆ, ಮೂತ್ರದಲ್ಲಿ ಪ್ರೋಟೀನು ಕಾಣಿಸಬಹುದು. ಆದರೆ ಇವೆಲ್ಲ ಲೂಪಸ್ ಕೆರಳಿದೆ ಎಂದು ಹೇಳುತ್ತವೆಯೇ ಹೊರತು ಕರುಳಿಗೆ ಏನಾಗಿದೆ ಎಂದು ಹೇಳುವುದಿಲ್ಲ. ಎಂಡೋಸ್ಕೋಪಿ ಮಾಡಿ ಕರುಳಿನ ಒಳಪದರದ ಚೂರೊಂದನ್ನು ತೆಗೆದು ಪರೀಕ್ಷಿಸಿದರೂ ಅನೇಕ ಸಲ ಏನೂ ಸಿಗುವುದಿಲ್ಲ, ಉರಿಯೂತಗೊಂಡ ನಾಳಗಳು ಆ ಚೂರು ತಲುಪದಷ್ಟು ಆಳದ ಪದರದಲ್ಲಿರುತ್ತವೆ. ನಿರ್ಣಾಯಕ ಪರೀಕ್ಷೆಯೆಂದರೆ ರಕ್ತನಾಳಕ್ಕೆ ಬಣ್ಣದ ದ್ರವ ಕೊಟ್ಟು ಮಾಡುವ ಸಿಟಿ ಸ್ಕ್ಯಾನ್. ಅದರಲ್ಲಿ ಬಾತ ಕರುಳಿನ ಅಡ್ಡಸೀಳು ಒಂದರೊಳಗೊಂದು ಇರುವ ಬಳೆಗಳ ಹಾಗೆ ಕಾಣುತ್ತದೆ, ಮೆಸೆಂಟರಿಯ ಊದಿದ ರಕ್ತನಾಳಗಳು ಒತ್ತೊತ್ತಾಗಿ ಸಾಲುಗಟ್ಟಿ ನಿಂತಿರುತ್ತವೆ, ಸುತ್ತಲಿನ ಕೊಬ್ಬು ಮಸುಕಾಗಿರುತ್ತದೆ, ಕರುಳಿನ ಗೋಡೆ ಹಲವು ಕಡೆಗಳಲ್ಲಿ ಬಿಟ್ಟುಬಿಟ್ಟು ದಪ್ಪವಾಗಿರುತ್ತದೆ. ಈ ಚಿತ್ರ ಲೂಪಸ್‌ಗಷ್ಟೇ ಸೀಮಿತವಾದುದೇನಲ್ಲ, ಬೇರೆ ಕಾರಣಗಳಿಂದ ಕರುಳು ಬಾತಾಗಲೂ ಹೀಗೆಯೇ ಕಾಣಬಹುದು. ಆದರೆ ಲೂಪಸ್ ಇದೆಯೆಂದು ಗೊತ್ತಿರುವ ರೋಗಿಯಲ್ಲಿ, ಸೋಂಕಿನ ಪರೀಕ್ಷೆಗಳು ಶುದ್ಧವಾಗಿದ್ದಾಗ, ಚಿಕಿತ್ಸೆ ಆರಂಭಿಸಲು ಇಷ್ಟು ಆಧಾರ ಸಾಕು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಬಣ್ಣದ ದ್ರವದಿಂದ ತೊಂದರೆಯಾಗುವ ಭಯವಿರುತ್ತದೆ, ಗರ್ಭಿಣಿಯರಲ್ಲಿ ವಿಕಿರಣದ ಚಿಂತೆಯಿರುತ್ತದೆ. ಅಂಥವರಲ್ಲಿ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಸ್ಕ್ಯಾನಿನ ಮೊರೆಹೋಗಬೇಕಾಗುತ್ತದೆ, ಆದರೆ ಪ್ರಾಣಾಪಾಯದ ಶಂಕೆ ಇರುವಾಗ ಇಂಥ ಭಯಗಳಿಂದಾಗಿ ಪರೀಕ್ಷೆಯನ್ನೇ ಮುಂದೂಡುವುದು ಸರಿಯಲ್ಲ.

ರಕ್ತನಾಳ ಮುಚ್ಚಿಕೊಳ್ಳಲು ಉರಿಯೂತವೊಂದೇ ಕಾರಣವಾಗಬೇಕಿಲ್ಲ. ಲೂಪಸ್ ರೋಗಿಗಳಲ್ಲಿ ಮೂರನೆಯ ಒಂದು ಭಾಗದಷ್ಟು ಜನರ ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಎಂಬ ಪ್ರತಿಕಾಯಗಳಿರುತ್ತವೆ. ಲಂಡನ್ನಿನ ಗ್ರಹಾಂ ಹ್ಯೂಸ್ ಮತ್ತು ಸಂಗಡಿಗರು 1983ರ ಸುಮಾರಿಗೆ ವಿವರಿಸಿದ ಈ ಸ್ಥಿತಿಯಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ, ಗರ್ಭಪಾತಗಳು ಮರುಕಳಿಸುತ್ತವೆ, ಚಿಕ್ಕ ವಯಸ್ಸಿನಲ್ಲೇ ಪಾರ್ಶ್ವವಾಯು ಬಡಿಯಬಹುದು. ಇಂಥ ಹೆಪ್ಪು ಕರುಳಿನ ಅಪಧಮನಿಯಲ್ಲೋ ಅಭಿಧಮನಿಯಲ್ಲೋ ಸಿಕ್ಕಿಕೊಂಡರೆ ಕರುಳಿನ ಒಂದು ಇಡೀ ಭಾಗದ ರಕ್ತಸಂಚಾರ ನಿಂತುಹೋಗುತ್ತದೆ, ಮತ್ತು ಪೂರ್ತಿ ನಿಂತ ಸಂದರ್ಭದಲ್ಲಿ ಸುಮಾರು ಆರು ಗಂಟೆಗಳ ನಂತರ ಕರುಳಿಗೆ ಆಗುವ ಹಾನಿ ಮರಳಿ ಸರಿಯಾಗದ ಹಂತ ತಲುಪುತ್ತದೆ. ವೈದ್ಯರು ಹೊಟ್ಟೆಯನ್ನು ಮುಟ್ಟಿ ನೋಡಿದಾಗ ಮೆತ್ತಗಿದ್ದು, ರೋಗಿ ಮಾತ್ರ ತಡೆಯಲಾರದಷ್ಟು ನೋವೆಂದು ಹೊರಳಾಡುತ್ತಿರುವುದು ಈ ಸ್ಥಿತಿಯ ಗುರುತುಗಳಲ್ಲೊಂದು. ಇಲ್ಲಿ ಮುಖ್ಯ ಔಷಧ ಹೆಪರಿನ್ ಮತ್ತು ವಾರ್ಫರಿನ್‌ನಂಥ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಗಳು. ಸ್ಟೀರಾಯ್ಡ್ ಒಂದನ್ನೇ ನಂಬಿ ಕೂತರೆ ಕರುಳು ಉಳಿಯುವುದಿಲ್ಲ. ಲೂಪಸ್ ಪತ್ತೆಯಾದ ಪ್ರತಿಯೊಬ್ಬರಿಗೂ ಈ ಪ್ರತಿಕಾಯಗಳ ಪರೀಕ್ಷೆಯನ್ನು ಮೊದಲೇ ಮಾಡಿಸಿ, ಅದರ ವರದಿಯನ್ನು ಕಡತದಲ್ಲಿ ಕಣ್ಣಿಗೆ ಬೀಳುವಂತೆ ಇಡುವುದು ಅತ್ಯಂತ ಉಪಯುಕ್ತ ಎನ್ನಲು ಇದೇ ಕಾರಣ.

ಮೂರನೆಯದು ವಿಚಿತ್ರವೆನಿಸುವ ಸ್ಥಿತಿ. ರೋಗಿಯ ಹೊಟ್ಟೆ ಉಬ್ಬಿರುತ್ತದೆ, ವಾಂತಿಯಾಗುತ್ತದೆ, ಮಲವಾಗಲಿ ವಾಯುವಾಗಲಿ ಹೊರಹೋಗುವುದಿಲ್ಲ, ಎಕ್ಸ್‌ರೇಯಲ್ಲಿ ಹಿಗ್ಗಿದ ಕರುಳಿನ ಸುರುಳಿಗಳೂ ಅವುಗಳಲ್ಲಿ ನಿಂತ ನೀರೂ ಕಾಣುತ್ತವೆ. ಕರುಳು ಎಲ್ಲೋ ಕಟ್ಟಿಕೊಂಡಿದೆ ಅಥವಾ ಸುತ್ತಿಕೊಂಡಿದೆ ಎಂದು ಯಾವ ಶಸ್ತ್ರವೈದ್ಯರಿಗಾದರೂ ಅನಿಸುವಂಥ ಚಿತ್ರ ಅದು. ಆದರೆ ಹೊಟ್ಟೆ ತೆರೆದರೆ ಎಲ್ಲೂ ತಡೆ ಇರುವುದಿಲ್ಲ. ಲೂಪಸ್ ಕರುಳಿನ ಸ್ನಾಯುಗಳನ್ನೋ ಅವುಗಳನ್ನು ನಡೆಸುವ ನರಗಳನ್ನೋ ಹಿಡಿದಿರುವುದರಿಂದ ಆಹಾರವನ್ನು ಮುಂದೆ ತಳ್ಳುವ ಅಲೆಯಂಥ ಚಲನೆ ನಿಂತಿರುತ್ತದೆ. ಇದನ್ನು ಹುಸಿ ಕರುಳುತಡೆ ಎನ್ನಬಹುದು. ಈ ರೋಗಿಗಳಲ್ಲಿ ಹಲವರಿಗೆ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ನಾಳಗಳೂ ಎರಡೂ ಬದಿಯಲ್ಲಿ ಹಿಗ್ಗಿರುತ್ತವೆ, ಅಲ್ಲಿನ ಸ್ನಾಯುವೂ ಅದೇ ರೀತಿ ಸೋತಿರುತ್ತದೆ. ಕರುಳಿನ ತಡೆಯೂ ಮೂತ್ರನಾಳಗಳ ಹಿಗ್ಗುವಿಕೆಯೂ ಒಟ್ಟಿಗೆ ಕಂಡ ಯುವತಿಯಲ್ಲಿ ಲೂಪಸ್ ಇದೆಯೇ ಎಂದು ನೋಡಲೇಬೇಕು. ಮೊದಲ ಹಂತದಲ್ಲೇ ಗುರುತಿಸಿ ಸ್ಟೀರಾಯ್ಡ್ ಮತ್ತು ಕರುಳಿನ ಚಲನೆಗೆ ನೆರವಾಗುವ ಔಷಧಗಳನ್ನು ಕೊಟ್ಟರೆ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ತಡವಾದರೆ ಸ್ನಾಯು ನಾರಾಗಿ, ಮತ್ತೆ ಚಲಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಅನವಶ್ಯಕ ಶಸ್ತ್ರಚಿಕಿತ್ಸೆಯಿಂದ ರೋಗಿಯನ್ನು ಉಳಿಸುವ ಅವಕಾಶ ಈ ಸ್ಥಿತಿಯಲ್ಲಿರುವಷ್ಟು ಬೇರೆಲ್ಲೂ ಇರಲಾರದು.

ಪ್ರೋಟೀನು ಸೋರುವ ತೊಂದರೆಯಲ್ಲಿ ನೋವು ಪ್ರಧಾನವಲ್ಲ. ಪಾದಗಳು ಬಾತುಕೊಳ್ಳುತ್ತವೆ, ಮುಖ ಊದುತ್ತದೆ, ಹೊಟ್ಟೆಯಲ್ಲೂ ಎದೆಗೂಡಿನಲ್ಲೂ ನೀರು ತುಂಬುತ್ತದೆ, ರಕ್ತದ ಆಲ್ಬುಮಿನ್ ತೀರ ಇಳಿದಿರುತ್ತದೆ. ಲೂಪಸ್ ರೋಗಿಯಲ್ಲಿ ಇದನ್ನು ಕಂಡವರು ಮೂತ್ರಪಿಂಡ ಕೆಟ್ಟಿದೆಯೆಂದು ತೀರ್ಮಾನಿಸುವುದು ಸಹಜ. ಆದರೆ ಮೂತ್ರಪರೀಕ್ಷೆಯಲ್ಲಿ ಪ್ರೋಟೀನು ಅಷ್ಟಾಗಿ ಇಲ್ಲದಿದ್ದು, ಯಕೃತ್ತೂ ಸರಿಯಿದ್ದರೆ, ಅದು ಕರುಳಿನ ಮೂಲಕ ಹೋಗುತ್ತಿದೆಯೆಂದು ತಿಳಿಯಬೇಕು. ಭೇದಿ ಎಲ್ಲರಿಗೂ ಆಗುವುದಿಲ್ಲವಾದ್ದರಿಂದ ರೋಗಿಯ ಬಾಯಲ್ಲಿ ಕರುಳಿನ ದೂರೇ ಬರದಿರಬಹುದು. ಮಲದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನಿನ ಪ್ರಮಾಣವನ್ನು ಅಳೆದು, ಇಲ್ಲವೇ ವಿಕಿರಣದ ಗುರುತು ಹಚ್ಚಿದ ಆಲ್ಬುಮಿನನ್ನು ರಕ್ತಕ್ಕೆ ಕೊಟ್ಟು ಅದು ಕರುಳಿಗೆ ಸೇರುತ್ತಿದೆಯೇ ಎಂದು ಸ್ಕ್ಯಾನ್ ಮಾಡಿ ಇದನ್ನು ಖಚಿತಪಡಿಸಿಕೊಳ್ಳಬಹುದು. ಸ್ಟೀರಾಯ್ಡ್‌ಗೆ ಈ ತೊಂದರೆ ಚೆನ್ನಾಗಿ ಬಗ್ಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಲೂಪಸ್ ತಾನೇ ಉಂಟುಮಾಡುವ ತೊಂದರೆಗಳು. ಅವುಗಳನ್ನೇ ಹೋಲುವ, ಆದರೆ ಚಿಕಿತ್ಸೆಯಲ್ಲಿ ತದ್ವಿರುದ್ಧವಾದ ಇನ್ನೊಂದು ಗುಂಪು ಸೋಂಕುಗಳದ್ದು. ಲೂಪಸ್ ರೋಗಿ ಸೇವಿಸುವ ಔಷಧಗಳಲ್ಲಿ ಬಹುಪಾಲು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥವು, ರೋಗವೂ ಸ್ವತಃ ಆ ಶಕ್ತಿಯನ್ನು ಅಡ್ಡಾದಿಡ್ಡಿಯಾಗಿಸಿರುತ್ತದೆ. ಆದ್ದರಿಂದ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಕರುಳಿನಿಂದ ರಕ್ತಕ್ಕೆ ಸೇರುವುದು, ಸೈಟೊಮೆಗಾಲೊ ಎಂಬ ವೈರಸ್ ದೊಡ್ಡಕರುಳಿನಲ್ಲಿ ಹುಣ್ಣು ಮಾಡುವುದು ಇವರಲ್ಲಿ ಹೆಚ್ಚು. ಭಾರತದಲ್ಲಿ ಮರೆಯಲೇಬಾರದ ಸೋಂಕು ಕ್ಷಯ. ಕರುಳಿನ ಕ್ಷಯ ಸಣ್ಣಕರುಳು ದೊಡ್ಡಕರುಳನ್ನು ಸೇರುವ, ಹೊಟ್ಟೆಯ ಬಲಗಡೆಯ ಕೆಳಭಾಗವನ್ನು ಹಿಡಿಯುವುದು ಹೆಚ್ಚು. ಸ್ಕ್ಯಾನಿನಲ್ಲಿ ಅಲ್ಲಿಯೂ ಕರುಳಿನ ಗೋಡೆ ದಪ್ಪವಾಗಿರುತ್ತದೆ, ಹೊಟ್ಟೆಯಲ್ಲಿ ನೀರಿರುತ್ತದೆ, ತೂಕ ಇಳಿಯುತ್ತದೆ. ಕ್ಷಯವನ್ನು ಲೂಪಸ್ ಎಂದು ಬಗೆದು ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಮೈಯೆಲ್ಲ ಹರಡಬಹುದು, ಲೂಪಸ್ಸನ್ನು ಕ್ಷಯವೆಂದು ಬಗೆದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಟ್ಟರೆ ಕರುಳು ಅಷ್ಟರೊಳಗೆ ಕೆಟ್ಟಿರುತ್ತದೆ. ಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕ ದೇಹ ಸೇರುವ ಸ್ಟ್ರಾಂಜಿಲಾಯ್ಡಿಸ್ ಎಂಬ ಕೂದಲೆಳೆಯಂಥ ಹುಳುವೂ ಇಲ್ಲಿ ನೆನಪಿಡಬೇಕಾದುದೇ: ವರ್ಷಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ಕರುಳಿನಲ್ಲಿ ನೆಲೆಸಿರುವ ಅದು ಸ್ಟೀರಾಯ್ಡ್ ಆರಂಭವಾದ ಮೇಲೆ ಲೆಕ್ಕವಿಲ್ಲದಷ್ಟು ಮರಿಗಳಾಗಿ ಕರುಳಿನ ಗೋಡೆ ದಾಟಿ ಶ್ವಾಸಕೋಶ, ಮೆದುಳುಗಳವರೆಗೂ ಹೋಗಬಲ್ಲದು. ಹೊಲಗದ್ದೆಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ದೀರ್ಘಕಾಲದ ಸ್ಟೀರಾಯ್ಡ್ ಕೊಡುವ ಮುನ್ನ ಐವರ್‌ಮೆಕ್ಟಿನ್‌ನಂಥ ಹುಳುವಿನ ಮಾತ್ರೆಯ ಅಗತ್ಯವಿದೆಯೇ ಎಂದು ಯೋಚಿಸುವುದು ಕಡಿಮೆ ಖರ್ಚಿನ ಮುನ್ನೆಚ್ಚರಿಕೆ.

ಸೋಂಕು ಮತ್ತು ಉರಿಯೂತಗಳನ್ನು ಬೇರ್ಪಡಿಸಲು ವೈದ್ಯರಿಗೆ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಸ್ವಲ್ಪ ನೆರವಾಗುತ್ತದೆ. ಲೂಪಸ್ ಎಷ್ಟೇ ಕೆರಳಿದರೂ ಈ ಅಂಶ ಅಷ್ಟಾಗಿ ಏರದಿರುವುದು ಸಾಮಾನ್ಯ. ತೀರ ಹೆಚ್ಚಾಗಿದ್ದರೆ ಸೋಂಕಿನ ಕಡೆಗೆ ಗಮನ ಹರಿಸಬೇಕು. ಆದರೆ ಹೊಟ್ಟೆಯ ಒಳಪೊರೆಗೇ ಲೂಪಸ್ ತಗುಲಿದಾಗ ಇದು ಸೋಂಕಿಲ್ಲದೆಯೂ ಏರುವುದರಿಂದ ಈ ಒಂದು ಸಂಖ್ಯೆಯ ಮೇಲೆ ತೀರ್ಪು ಕೊಡಲಾಗದು.

ಸ್ಟೀರಾಯ್ಡ್ ಇನ್ನೊಂದು ರೀತಿಯಲ್ಲೂ ದಾರಿತಪ್ಪಿಸುತ್ತದೆ. ಕರುಳಿಗೆ ತೂತು ಬಿದ್ದು ಅದರೊಳಗಿನ ಹೊಲಸು ಹೊಟ್ಟೆಯ ಕುಹರಕ್ಕೆ ಸುರಿದಾಗ ಆರೋಗ್ಯವಂತರ ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ, ಜ್ವರ ಏರುತ್ತದೆ, ಮುಟ್ಟಿದರೆ ರೋಗಿ ಕಿರುಚುತ್ತಾರೆ. ಈ ಎಲ್ಲ ಲಕ್ಷಣಗಳೂ ಹುಟ್ಟುವುದು ಉರಿಯೂತದ ಪ್ರತಿಕ್ರಿಯೆಯಿಂದ, ಆ ಪ್ರತಿಕ್ರಿಯೆಯನ್ನು ಹತ್ತಿಕ್ಕುವುದೇ ಸ್ಟೀರಾಯ್ಡ್‌ನ ಕೆಲಸ. ಹೀಗಾಗಿ ಅದನ್ನು ಸೇವಿಸುತ್ತಿರುವ ಲೂಪಸ್ ರೋಗಿಯಲ್ಲಿ ಕರುಳು ಒಡೆದಿದ್ದರೂ ಹೊಟ್ಟೆ ಮೆತ್ತಗಿರಬಹುದು, ಜ್ವರವಿಲ್ಲದಿರಬಹುದು, ನೋವೂ ಸಾಧಾರಣವೆನಿಸಬಹುದು. ಮೆಕ್ಸಿಕೋ ನಗರದ ವೈದ್ಯರು ತೀವ್ರ ಹೊಟ್ಟೆನೋವಿನಿಂದ ಬಂದ 51 ಲೂಪಸ್ ರೋಗಿಗಳ ಬಗ್ಗೆ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಒಂದೆರಡು ದಿನಗಳೊಳಗೆ ಹೊಟ್ಟೆ ತೆರೆದು ನೋಡಿದವರಲ್ಲಿ ಯಾರೂ ಸಾಯಲಿಲ್ಲ, ತಡವಾಗಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ತರು. ಅದಾದ ಮೇಲೆ ಸಿಟಿ ಸ್ಕ್ಯಾನ್ ಎಲ್ಲೆಡೆ ಬಂದು, ಹೊಟ್ಟೆ ತೆರೆಯದೆಯೇ ಒಳಗಿನ ಸ್ಥಿತಿ ತಿಳಿಯಲು ಸಾಧ್ಯವಾಗಿರುವುದರಿಂದ ಇಂದು ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಆದರೆ ಆ ಅಧ್ಯಯನ ಹೇಳಿದ ಕಾಲದ ಬೆಲೆ ಬದಲಾಗಿಲ್ಲ.

ಸ್ಟೀರಾಯ್ಡನ್ನು ದಿಢೀರನೆ ನಿಲ್ಲಿಸುವುದರಿಂದಲೂ ಹೊಟ್ಟೆನೋವು ಬರುತ್ತದೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ದಿನವೂ ತಯಾರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಜೀವಕ್ಕೆ ಅತ್ಯಗತ್ಯ. ಹೊರಗಿನಿಂದ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಮಾತ್ರೆ ಬರುತ್ತಿದ್ದರೆ ಆ ಗ್ರಂಥಿಗಳು ಕೆಲಸ ನಿಲ್ಲಿಸಿಬಿಡುತ್ತವೆ. ಮುಖ ಊದಿತು, ತೂಕ ಹೆಚ್ಚಿತು ಎಂದು ಬೇಸತ್ತು ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ, ಅಥವಾ ವಾಂತಿಯಿಂದಾಗಿ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಉಳಿಯದಿದ್ದರೆ, ದೇಹದಲ್ಲಿ ಆ ಹಾರ್ಮೋನು ಇಲ್ಲವಾಗಿ ಹೊಟ್ಟೆನೋವು, ವಾಂತಿ, ಸುಸ್ತು, ರಕ್ತದೊತ್ತಡದ ಕುಸಿತ ಒಂದರ ಮೇಲೊಂದು ಬರುತ್ತವೆ. ನೋವಿನ ಕಾರಣ ಏನೇ ಇರಲಿ, ಮಾತ್ರೆ ನುಂಗಲಾಗದ ಲೂಪಸ್ ರೋಗಿಗೆ ಸ್ಟೀರಾಯ್ಡನ್ನು ಚುಚ್ಚುಮದ್ದಿನ ಮೂಲಕ ಮುಂದುವರಿಸುವುದು ಮೊದಲ ದಿನವೇ ಆಗಬೇಕಾದ ಕೆಲಸ. ಕೀಲುನೋವಿಗೆಂದು ತಾವಾಗಿಯೇ ನುಂಗುವ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗುವುದು, ಮೈಕೊಫಿನೊಲೇಟ್ ಎಂಬ ಔಷಧದಿಂದ ಭೇದಿಯಾಗುವುದು, ಮೇದೋಜೀರಕ ಗ್ರಂಥಿಯ ಉರಿಯೂತ, ಎಲ್ಲರಿಗೂ ಬರುವಂತೆ ಇವರಿಗೂ ಬರಬಹುದಾದ ಅಪೆಂಡಿಸೈಟಿಸ್ ಮತ್ತು ಪಿತ್ತಕೋಶದ ಕಲ್ಲು ಇವೆಲ್ಲವೂ ಇದೇ ಸಾಲಿಗೆ ಸೇರುತ್ತವೆ.

ಕಾರಣ ಲೂಪಸ್ ಎಂಟರೈಟಿಸ್ ಎಂದು ತಿಳಿದ ಮೇಲೆ ಚಿಕಿತ್ಸೆಯ ದಾರಿ ಬಹುಮಟ್ಟಿಗೆ ಸ್ಪಷ್ಟ. ಬಾಯಿಂದ ಆಹಾರ ನಿಲ್ಲಿಸಿ, ರಕ್ತನಾಳದ ಮೂಲಕ ದ್ರವಗಳನ್ನು ಕೊಟ್ಟು ಕರುಳಿಗೆ ವಿಶ್ರಾಂತಿ ಕೊಡುತ್ತಾರೆ. ಜೊತೆಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ತೀವ್ರ ಸ್ಥಿತಿಯಲ್ಲಿ ದಿನಕ್ಕೆ 250ರಿಂದ 1000 ಮಿಲಿಗ್ರಾಂವರೆಗೆ ಮೂರು ದಿನ ಕೊಟ್ಟು, ಆಮೇಲೆ ಮಾತ್ರೆಗೆ ಬದಲಾಯಿಸಿ ನಿಧಾನವಾಗಿ ಇಳಿಸುತ್ತಾರೆ. ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ನೋವು ಇಳಿಯುತ್ತದೆ, ಬಾತ ಕರುಳು ಸಹಜ ಸ್ಥಿತಿಗೆ ಮರಳುತ್ತದೆ. ಸ್ಟೀರಾಯ್ಡ್‌ಗೆ ಬಗ್ಗದಿದ್ದರೆ, ಮೂತ್ರಪಿಂಡ ಅಥವಾ ಮೆದುಳಿಗೂ ರೋಗ ತಗುಲಿದ್ದರೆ, ಇಲ್ಲವೇ ನೋವು ಮರುಕಳಿಸಿದರೆ ಸೈಕ್ಲೊಫಾಸ್ಫಮೈಡ್ ಅಥವಾ ಮೈಕೊಫಿನೊಲೇಟ್ ಸೇರಿಸಬೇಕಾಗುತ್ತದೆ. ಸೈಕ್ಲೊಫಾಸ್ಫಮೈಡ್ ಹೆಚ್ಚು ಪ್ರಮಾಣದಲ್ಲಿ ಅಂಡಾಶಯಗಳಿಗೆ ಹಾನಿ ಮಾಡಬಹುದಾದ್ದರಿಂದ ಮಕ್ಕಳನ್ನು ಬಯಸುವ ಯುವತಿಯರೊಂದಿಗೆ ವೈದ್ಯರು ಇದನ್ನು ಮೊದಲೇ ಬಿಡಿಸಿ ಮಾತನಾಡಬೇಕು, ಮತ್ತು ಆ ಮಾತುಕತೆ ಗಂಡನ ಮನೆಯವರೊಂದಿಗಲ್ಲದೆ ರೋಗಿಯೊಂದಿಗೇ ನಡೆಯಬೇಕು. ಮೇಲೆ ಹೇಳಿದ ಫ್ರೆಂಚ್ ವಿಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಕರುಳಿನ ಉರಿಯೂತ ಮರುಕಳಿಸಿತ್ತು. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ವರ್ಷಗಳು ಆಸ್ಪತ್ರೆಯ ದಿನಗಳಷ್ಟೇ ಮುಖ್ಯ.

ಆ ವರ್ಷಗಳಿಗೆ ಬೇಕಾದ ಔಷಧ ಹಳೆಯದು, ಅಗ್ಗದ್ದು. ಮಲೇರಿಯಾಕ್ಕೆಂದು ಬಳಕೆಗೆ ಬಂದ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಲೂಪಸ್ ಮತ್ತೆ ಕೆರಳುವುದನ್ನು ತಗ್ಗಿಸುತ್ತದೆ, ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ, ಗರ್ಭಿಣಿಯರೂ ಇದನ್ನು ಮುಂದುವರಿಸಬಹುದು. ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ ಐದು ಮಿಲಿಗ್ರಾಂ ಮೀರದಂತೆ ಕೊಟ್ಟು, ಕಾಲಕಾಲಕ್ಕೆ ಕಣ್ಣಿನ ಪರೀಕ್ಷೆ ಮಾಡಿಸಿಕೊಂಡರೆ ದಶಕಗಳವರೆಗೆ ಸುರಕ್ಷಿತವಾಗಿ ಸೇವಿಸಬಹುದು. ಚೆನ್ನಾಗಿದ್ದೇನಲ್ಲ ಎಂದುಕೊಂಡು ಈ ಮಾತ್ರೆಯನ್ನು ಬಿಡುವುದು ರೋಗ ಮರಳಿ ಬರಲು ದಾರಿ ಮಾಡಿಕೊಟ್ಟಂತೆ. 2020ರಲ್ಲಿ ಕೋವಿಡ್‌ಗೆ ಇದು ರಾಮಬಾಣವೆಂಬ ಸುದ್ದಿ ಹಬ್ಬಿ ಔಷಧಿ ಅಂಗಡಿಗಳಲ್ಲಿ ಮಾತ್ರೆ ಸಿಗದಂತಾದಾಗ ಹಲವು ದೇಶಗಳ ಲೂಪಸ್ ರೋಗಿಗಳು ಪಟ್ಟ ಪಾಡು ಸಣ್ಣದಲ್ಲ.

ರೋಗನಿರೋಧಕ ಶಕ್ತಿ ಹೆಚ್ಚಿಸುವುದಾಗಿ ಹೇಳಿ ಮಾರುವ ಪುಡಿ, ಕಷಾಯಗಳ ಬಗ್ಗೆಯೂ ಒಂದು ಮಾತು ಅಗತ್ಯ. ಲೂಪಸ್‌ನಲ್ಲಿ ಆ ವ್ಯವಸ್ಥೆ ದುರ್ಬಲವಾಗಿರುವುದಕ್ಕಿಂತ ಹೆಚ್ಚಾಗಿ ಹಾದಿತಪ್ಪಿ ಕೆರಳಿರುತ್ತದೆ, ಅದನ್ನು ಇನ್ನಷ್ಟು ಕೆರಳಿಸುವುದರಿಂದ ಲಾಭವಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗಳಲ್ಲಿ ಬಳಕೆಯಾದ ಅಮೃತಬಳ್ಳಿಯಿಂದ ಕೆಲವರಲ್ಲಿ ಸ್ವರೋಗನಿರೋಧಕ ಬಗೆಯ ಯಕೃತ್ತಿನ ಹಾನಿ ಆದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿಮಾಡಿದ್ದಾರೆ. ಕರುಳಿನ ಬ್ಯಾಕ್ಟೀರಿಯಾಗಳಿಗೂ ಲೂಪಸ್‌ಗೂ ನಂಟಿದೆಯೆಂಬ ಸಂಶೋಧನೆಗಳೂ ನಡೆಯುತ್ತಿವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ, ಕರುಳಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಗೋಡೆ ದಾಟಿ ಯಕೃತ್ತು ಸೇರಿ ಇಲಿಗಳಲ್ಲಿ ಲೂಪಸ್‌ನಂಥ ಪ್ರತಿಕ್ರಿಯೆಯನ್ನು ಪ್ರಚೋದಿಸುತ್ತದೆಂದು ತೋರಿಸಿದರು. ಆಸೆ ಹುಟ್ಟಿಸುವ ಸಂಶೋಧನೆ ಇದು, ಆದರೆ ಇದರ ಹೆಸರು ಹೇಳಿ ಲೂಪಸ್‌ಗೆ ಮದ್ದೆಂದು ಮಾರುವ ಯಾವುದನ್ನೂ ಕೊಳ್ಳುವ ಕಾಲ ಇನ್ನೂ ಬಂದಿಲ್ಲ.

ಲೂಪಸ್ ಇರುವವರಿಗೆ ಕೆಲವು ಗಂಟೆಗಳಾದರೂ ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಉಬ್ಬಿದ ಹೊಟ್ಟೆ, ವಾಯುವೂ ಹೊರಹೋಗದಿರುವುದು, ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ, ಸಿಟಿ ಸ್ಕ್ಯಾನ್ ಸೌಲಭ್ಯವೂ ಶಸ್ತ್ರವೈದ್ಯರೂ ಇರುವ ಆಸ್ಪತ್ರೆಗೆ ಹೋಗಬೇಕು. ನೋವು ನಿಲ್ಲಿಸುವ ಚುಚ್ಚುಮದ್ದು ಹಾಕಿಸಿಕೊಂಡು ಮನೆಗೆ ಮರಳಬಾರದು. ತುರ್ತು ವಿಭಾಗದ ವೈದ್ಯರಿಗೆ ಹೇಳುವ ಮೊದಲ ಮಾತೇ ಲೂಪಸ್ ಇದೆ, ಸ್ಟೀರಾಯ್ಡ್ ಇಷ್ಟು ಪ್ರಮಾಣದಲ್ಲಿ ನಡೆಯುತ್ತಿದೆ ಎಂಬುದಾಗಿರಬೇಕು, ಹಳೆಯ ವರದಿಗಳ ಕಡತ ಕೈಯಲ್ಲಿರಬೇಕು, ಸಾಧ್ಯವಾದರೆ ತಮ್ಮ ವಾತರೋಗ ತಜ್ಞರನ್ನು ಫೋನಿನಲ್ಲಿ ಆ ವೈದ್ಯರೊಂದಿಗೆ ಮಾತನಾಡಿಸಬೇಕು. ಲೂಪಸ್ ಇದೆಯೆಂದು ಇನ್ನೂ ಗೊತ್ತಾಗಿರದ ಯುವತಿಯೊಬ್ಬಳ ಸ್ಕ್ಯಾನಿನಲ್ಲಿ ಕರುಳು ಕಾರಣವಿಲ್ಲದೆ ಬಾತಿದ್ದು, ಹೊಟ್ಟೆಯಲ್ಲಿ ನೀರಿದ್ದರೆ, ಶಸ್ತ್ರಕೊಠಡಿಯ ಬಾಗಿಲು ತೆರೆಯುವ ಮುನ್ನ ಅವಳ ಮೂತ್ರದ ಪ್ರೋಟೀನು, ಸಿ3, ಸಿ4 ಮತ್ತು ಜೀವಕೋಶ ಕೇಂದ್ರದ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ಪರೀಕ್ಷೆಗಳಿಗೆ ಮಾದರಿ ಕಳಿಸುವಂತೆ ವೈದ್ಯರಲ್ಲಿ ವಿನಂತಿ.